ನ್ಯಾಯಾಲಯದ ಬಾಗಿಲಲ್ಲಿ ಕನ್ನಡ: ಮುಂಬಯಿಯಲ್ಲಿ ವಿಚ್ಛೇದನ, ಮಕ್ಕಳ ಅಭಿರಕ್ಷೆ ಮತ್ತು ಕಾನೂನು ನೆರವು

ಮುಂಬಯಿ ಕನ್ನಡಿಗರ ಜೀವನವನ್ನು ಕುರಿತ ಬರಹಗಳಲ್ಲಿ ಹೋಟೆಲು, ರಾತ್ರಿಶಾಲೆ, ಯಕ್ಷಗಾನ ಮಂಡಳಿ, ಸಂಘ-ಸಂಸ್ಥೆಗಳ ವಿಚಾರ ಧಾರಾಳವಾಗಿ ಬಂದಿದೆ. ಅದೇ ಜನರ ಮುರಿದ ದಾಂಪತ್ಯಗಳ ವಿಚಾರ ಕಥೆ-ಕಾದಂಬರಿಗಳಲ್ಲಿ ಇಣುಕಿದಷ್ಟು ವಿಚಾರಸಾಹಿತ್ಯದಲ್ಲಿ ಇಣುಕಿದಂತಿಲ್ಲ. ಊರಿನಲ್ಲಿ ಮದುವೆ, ಮುಂಬಯಿಯಲ್ಲಿ ಸಂಸಾರ, ವಿರಸವಾದಾಗ ಪುನಃ ಊರು - ಇದು ವಲಸೆ ಬಂದ ಕುಟುಂಬಗಳಲ್ಲಿ ಹೆಣ್ಣು ಸವೆಸುವ ಪರಿಚಿತ ದಾರಿ. ಇಂಥ ದಂಪತಿಗಳು ಬೇರೆಯಾಗಬೇಕಾದಾಗ ಕಾನೂನಿನ ವಿಧಿಗಳಿಗಿಂತ ಮೊದಲು ಎರಡು ಪ್ರಶ್ನೆಗಳು ಎದುರಾಗುತ್ತವೆ: ಯಾವ ಊರಿನ ನ್ಯಾಯಾಲಯ? ಯಾವ ಭಾಷೆಯಲ್ಲಿ ಅಹವಾಲು? ಮೊದಲನೆಯದಕ್ಕೆ ಕಾನೂನು ಸಾಕಷ್ಟು ಸ್ಪಷ್ಟವಾದ ಉತ್ತರ ಕೊಡುತ್ತದೆ. ಎರಡನೆಯದನ್ನು ಅದು ಬಹುಮಟ್ಟಿಗೆ ವಕೀಲರಿಗೂ ಗುಮಾಸ್ತರಿಗೂ ಬಿಟ್ಟಿದೆ. ಕನ್ನಡವನ್ನು ಅಭ್ಯಾಸ ಮಾಡುವವರು ಈ ಎರಡನೆಯ ಪ್ರಶ್ನೆಯನ್ನು ತಮ್ಮದೆಂದು ತಿಳಿಯಲು ಕಾರಣಗಳಿವೆ.

ವಿಚ್ಛೇದನ ಎಂಬುದು ನಗರದಿಂದ ಬಂದ ಹೊಸ ಪಿಡುಗು ಎಂಬ ಮಾತು ನಮ್ಮ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಚರಿತ್ರೆ ಅದನ್ನು ಸಮರ್ಥಿಸುವುದಿಲ್ಲ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳು ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ೧೯೪೭ರ ಮುಂಬಯಿ ಹಿಂದೂ ವಿಚ್ಛೇದನ ಕಾಯಿದೆ ಅಲ್ಲಿಯ ಕನ್ನಡಿಗರಿಗೂ ಅನ್ವಯಿಸುತ್ತಿತ್ತು. ಮದರಾಸು ಪ್ರಾಂತದಲ್ಲಿದ್ದ ದಕ್ಷಿಣ ಕನ್ನಡ ಮತ್ತು ಬಳ್ಳಾರಿಯವರಿಗೆ ೧೯೪೯ರಲ್ಲಿ ಅಂಥದೇ ಒಂದು ಕಾಯಿದೆ ಬಂತು. ೧೯೫೫ರ ಹಿಂದೂ ವಿವಾಹ ಕಾಯಿದೆ ಈ ಪ್ರಾಂತೀಯ ಶಾಸನಗಳನ್ನು ರದ್ದುಪಡಿಸಿ ಎಲ್ಲ ಹಿಂದೂಗಳಿಗೂ ಒಂದೇ ವಿಧಿಯನ್ನು ತಂದಿತು. ಶಾಸನಗಳಿಗೂ ಹಿಂದೆ ಅನೇಕ ಸಮುದಾಯಗಳಲ್ಲಿ ಬಿಡುಗಡೆಯ ರೂಢಿಯಿತ್ತು. ಉತ್ತರ ಕರ್ನಾಟಕದ 'ಸೋಡಚೀಟಿ', 'ಉಡಿಕೆ' ಎಂಬ ಮಾತುಗಳು ಅದರ ಗುರುತುಗಳು. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೇ ಸೇರುತ್ತಿದ್ದುದರಿಂದ 'ಮಗು ಯಾರದು' ಎಂಬ ಇಂದಿನ ಜಗಳ ಇದೇ ರೂಪದಲ್ಲಿ ಏಳುವಂತೆಯೇ ಇರಲಿಲ್ಲ.

ರೂಢಿಯ ವಿಚ್ಛೇದನವನ್ನು ೧೯೫೫ರ ಕಾಯಿದೆಯ ೨೯ನೆಯ ಕಲಮು ಇಂದಿಗೂ ಉಳಿಸಿದೆ. ಆದರೆ ರೂಢಿಯುಂಟು ಎನ್ನುವವರು ಅದು ಬಹುಕಾಲದಿಂದ ನಿರಂತರವಾಗಿ, ಏಕರೂಪವಾಗಿ ನಡೆದು ಬಂದಿದೆಯೆಂದು ಸಾಕ್ಷ್ಯಗಳಿಂದ ಸ್ಥಾಪಿಸಬೇಕು. ನಾಲ್ಕು ಜನ ಹಿರಿಯರು ಕೂಡಿ ಛಾಪಾಕಾಗದದ ಮೇಲೆ ಬರೆಸಿ ಹೆಬ್ಬೆಟ್ಟು ಒತ್ತಿಸಿದ ಮಾತ್ರಕ್ಕೆ ಮದುವೆ ಮುರಿಯುವುದಿಲ್ಲ. ಅಂಥ ಕಾಗದವನ್ನು ನಂಬಿ ಮರುಮದುವೆಯಾದವರು ದ್ವಿಪತ್ನಿತ್ವದ ಆರೋಪಕ್ಕೆ ಗುರಿಯಾಗಬಹುದು. ಎರಡನೆಯ ಮದುವೆಯ ಹೆಣ್ಣಿಗೆ ಹೆಂಡತಿಯ ಸ್ಥಾನವೇ ಇಲ್ಲದಂತಾಗಬಹುದು. ಮಕ್ಕಳ ಔರಸತ್ವವನ್ನು ಮಾತ್ರ ೧೬ನೆಯ ಕಲಮು ಕಾಪಾಡುತ್ತದೆ.

ಇನ್ನು ಊರಿನ ಪ್ರಶ್ನೆ. ಮದುವೆ ನಡೆದ ಸ್ಥಳ, ಎದುರುಪಕ್ಷದವರು ವಾಸಿಸುವ ಸ್ಥಳ, ದಂಪತಿಗಳು ಕೊನೆಯದಾಗಿ ಒಟ್ಟಿಗೆ ಬಾಳಿದ ಸ್ಥಳ - ಈ ಮೂರರಲ್ಲಿ ಎಲ್ಲಿಯಾದರೂ ಅರ್ಜಿ ಹಾಕಬಹುದು. ೨೦೦೩ರ ತಿದ್ದುಪಡಿಯ ಅನಂತರ, ಅರ್ಜಿದಾರಳು ಹೆಂಡತಿಯಾದರೆ, ಆಕೆ ಆಗ ವಾಸವಾಗಿರುವ ಸ್ಥಳವೂ ಸಲ್ಲುತ್ತದೆ. ಅಂದರೆ ಕುಂದಾಪುರದ ತವರಿಗೆ ಮರಳಿದ ಹೆಣ್ಣು ಮುಂಬಯಿಗೆ ಓಡಾಡದೆ ಅಲ್ಲಿಯ ವ್ಯಾಪ್ತಿಯ ನ್ಯಾಯಾಲಯದಲ್ಲಿಯೇ, ತನ್ನ ಭಾಷೆ ಬಲ್ಲವರ ಎದುರಿನಲ್ಲಿಯೇ, ದಾವೆ ಹೂಡಬಹುದು. ಗಂಡನೇ ಮೊದಲು ಮುಂಬಯಿಯಲ್ಲಿ ಅರ್ಜಿ ಹಾಕಿದ್ದರೆ ಅದನ್ನು ಬೇರೆ ರಾಜ್ಯಕ್ಕೆ ವರ್ಗಾಯಿಸುವಂತೆ ಸರ್ವೋಚ್ಚ ನ್ಯಾಯಾಲಯವನ್ನು ಕೇಳಬೇಕು. ದೆಹಲಿಯ ಹೆಸರು ಕೇಳಿಯೇ ಹೆದರುವವರಿದ್ದಾರೆ. ಆದರೆ ಅಲ್ಲಿಯೂ ಉಚಿತ ನೆರವಿಗಾಗಿ ಕಾನೂನು ಸೇವಾ ಸಮಿತಿಯಿದೆ, ಹೆಂಡತಿಯ ಅನುಕೂಲವನ್ನು ನ್ಯಾಯಾಲಯ ಸಾಮಾನ್ಯವಾಗಿ ಲಕ್ಷಿಸುತ್ತ ಬಂದಿದೆ. ಮುಂಬಯಿಯೆಂದು ನಾವು ಸಡಿಲವಾಗಿ ಕರೆಯುವುದೆಲ್ಲ ಒಂದೇ ವ್ಯಾಪ್ತಿಯಲ್ಲ ಎಂಬುದೂ ನೆನಪಿರಬೇಕು. ದಹಿಸರ್‌ನವರು ಬಾಂದ್ರಾದ ಕುಟುಂಬ ನ್ಯಾಯಾಲಯಕ್ಕೆ ಸೇರಿದರೆ, ಡೊಂಬಿವಲಿಯವರು ಠಾಣೆ ಜಿಲ್ಲೆಗೆ ಸೇರುತ್ತಾರೆ.

ಕುಟುಂಬ ನ್ಯಾಯಾಲಯಗಳು ೧೯೮೪ರ ಕಾಯಿದೆಯ ಫಲ. ಮುಂಬಯಿಯಲ್ಲಿ ಅದು ೧೯೮೯ರಲ್ಲಿ ಆರಂಭವಾಯಿತು. ಇಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಪಕ್ಷಕಾರರ ಹಕ್ಕಲ್ಲ, ನ್ಯಾಯಾಲಯದ ಅನುಮತಿಗೆ ಒಳಪಟ್ಟದ್ದು. ಸಾಮಾನ್ಯರು ತಮ್ಮ ಮಾತನ್ನು ತಾವೇ ಹೇಳಿಕೊಳ್ಳಲಿ ಎಂಬ ಒಳ್ಳೆಯ ಆಶಯ ಇದರ ಹಿಂದಿದೆ. ಆದರೆ ತನ್ನ ಮಾತನ್ನು ತಾನೇ ಹೇಳಿಕೊಳ್ಳುವವಳಿಗೆ ನ್ಯಾಯಾಲಯದ ಭಾಷೆ ಬರಬೇಕಲ್ಲ! ಇಂಗ್ಲಿಷು, ಮರಾಠಿಗಳಲ್ಲಿ ನಡೆಯುವ ಕಲಾಪದಲ್ಲಿ, ಬಜಾರಿನ ಹಿಂದಿಯಷ್ಟನ್ನೇ ಕಲಿತ ಹೆಣ್ಣುಮಗಳು ಮೂಕಿಯಾಗುತ್ತಾಳೆ. ಅನುಮತಿ ವ್ಯವಹಾರದಲ್ಲಿ ಸುಲಭವಾಗಿ ದೊರೆಯುತ್ತದೆಯಾದ್ದರಿಂದ ವಕೀಲರು ಬರುತ್ತಾರೆ, ಶುಲ್ಕವೂ ಬರುತ್ತದೆ.

ಶುಲ್ಕದ ಭಯಕ್ಕೆ ಕಾನೂನಿನಲ್ಲಿ ಉತ್ತರವಿದೆ, ಅದನ್ನು ತಿಳಿದವರು ಮಾತ್ರ ಕಡಿಮೆ. ೧೯೭೬ರ ೪೨ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ೩೯-ಎ ಅನುಚ್ಛೇದ ಉಚಿತ ಕಾನೂನು ನೆರವನ್ನು ರಾಜ್ಯದ ಕರ್ತವ್ಯವೆಂದಿತು. ಅದನ್ನು ಕಾರ್ಯರೂಪಕ್ಕೆ ತಂದ ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ ೧೯೯೫ರ ನವೆಂಬರ್ ೯ರಂದು ಜಾರಿಗೆ ಬಂತು. ಅದರ ೧೨ನೆಯ ಕಲಮಿನ ಪ್ರಕಾರ ಹೆಂಗಸರು ಮತ್ತು ಮಕ್ಕಳು ಉಚಿತ ನೆರವಿಗೆ ಅರ್ಹರು. ಅವರಿಗೆ ಆದಾಯದ ಮಿತಿಯಿಲ್ಲ. ಪರಿಶಿಷ್ಟ ಜಾತಿ, ಪಂಗಡಗಳವರಿಗೂ ಕೈಗಾರಿಕಾ ಕಾರ್ಮಿಕರಿಗೂ ಇದೇ ಅರ್ಹತೆಯಿದೆ. ಆದಾಯದ ಮಿತಿ ಬರುವುದು ಈ ವರ್ಗಗಳಿಗೆ ಸೇರದ ಗಂಡಸರಿಗೆ ಮುಖ್ಯವಾಗಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಛೇರಿಗೆ ಹೋಗಿ ಬರವಣಿಗೆಯಲ್ಲಿ ಅರ್ಜಿ ಕೊಡಬಹುದು. ಬರೆಯಲು ಬಾರದವರ ಬಾಯಿಮಾತಿನ ಕೋರಿಕೆಯನ್ನೂ ಸ್ವೀಕರಿಸಲು ೨೦೧೦ರ ನಿಯಮಾವಳಿ ಅವಕಾಶ ಕೊಟ್ಟಿದೆ. ೧೫೧೦೦ ಎಂಬುದು ರಾಷ್ಟ್ರೀಯ ಪ್ರಾಧಿಕಾರದ ಸಹಾಯವಾಣಿ. ಮಹಾರಾಷ್ಟ್ರ ಸರಕಾರವು ೧೯೯೪ರ ಅಕ್ಟೋಬರ್ ೧ರ ಅಧಿಸೂಚನೆಯಿಂದ ಜೀವನಾಂಶ, ಆಸ್ತಿ, ಹಿಂಸೆ, ವಿಚ್ಛೇದನಗಳ ವ್ಯಾಜ್ಯಗಳಲ್ಲಿ ಹೆಂಗಸರ ನ್ಯಾಯಾಲಯ ಶುಲ್ಕವನ್ನು ಮನ್ನಾಮಾಡಿತು. ಇದಲ್ಲದೆ ದಾವೆ ನಡೆಯುತ್ತಿರುವಾಗಲೇ ಮಧ್ಯಂತರ ಜೀವನಾಂಶವನ್ನೂ ವ್ಯಾಜ್ಯದ ಖರ್ಚನ್ನೂ ಕೇಳಬಹುದು. ೨೦೨೦ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಮೇಲೆ ಇಬ್ಬರೂ ತಮ್ಮ ಆದಾಯ, ಆಸ್ತಿ, ಹೊಣೆಗಳನ್ನು ಪ್ರಮಾಣ ಮಾಡಿ ತಿಳಿಸಬೇಕಾಗಿದೆ; ಜೀವನಾಂಶ ಅರ್ಜಿಯ ದಿನದಿಂದ ಲೆಕ್ಕವಾಗುತ್ತದೆ. ಹೊಡೆತ-ಬಡಿತಗಳಿದ್ದಲ್ಲಿ ೨೦೦೫ರ ಕೌಟುಂಬಿಕ ಹಿಂಸೆಯ ಕಾಯಿದೆ ಬೇಗನೆ ಒದಗುವ ದಾರಿ. ತಾತ್ಕಾಲಿಕವಾಗಿ ನೆಲೆಸಿದ ಊರಿನಲ್ಲಿಯೂ ಅದರಡಿ ಅರ್ಜಿ ಸಲ್ಲುತ್ತದೆ, ಮಕ್ಕಳ ತಾತ್ಕಾಲಿಕ ಅಭಿರಕ್ಷೆಯನ್ನೂ ಕೇಳಬಹುದು.

ಹೀಗೆ ಹಣವಿಲ್ಲದವಳಿಗೆ ವಕೀಲರು ದೊರೆತರೆನ್ನೋಣ. ಆಕೆಯ ಕಥೆ ಅವರ ಕಾಗದಕ್ಕೆ ಹೇಗೆ ಇಳಿಯುತ್ತದೆ? ಮುಂಬಯಿಯ ನ್ಯಾಯಾಲಯದಲ್ಲಿ ಮೊದಲು ಕಿವಿಗೆ ಬೀಳುವ ಶಬ್ದ 'ಘಟಸ್ಫೋಟ'. ಮರಾಠಿಯಲ್ಲಿ ಇಂದು ಅದಕ್ಕೆ ವಿಚ್ಛೇದನ ಎಂದಷ್ಟೇ ಅರ್ಥ. ಆದರೆ ಧರ್ಮಶಾಸ್ತ್ರದಲ್ಲಿ ಘಟಸ್ಫೋಟವೆಂದರೆ ಪತಿತರಾದವರನ್ನು ಬದುಕಿರುವಾಗಲೇ ಸತ್ತವರೆಂದೆಣಿಸಿ ಗಡಿಗೆ ಒಡೆದು ಹೊರಹಾಕುವ ಕ್ರಿಯೆ. ಅನಂತಮೂರ್ತಿಯವರ 'ಘಟಶ್ರಾದ್ಧ'ವನ್ನು ಓದಿದವರಿಗೆ, ಕಾಸರವಳ್ಳಿಯವರು ೧೯೭೭ರಲ್ಲಿ ಅದನ್ನು ಚಿತ್ರವಾಗಿಸಿದ್ದನ್ನು ನೋಡಿದವರಿಗೆ, ಈ ಶಬ್ದದ ಭಾರವನ್ನು ವಿವರಿಸಬೇಕಾಗಿಲ್ಲ. ಮರಾಠಿಯ 'ಪೋಟಗಿ' ನಮ್ಮ ಜೀವನಾಂಶ. 'ಪೋಟ್' ಎಂದರೆ ಹೊಟ್ಟೆಯಾದ್ದರಿಂದ ನನಗೆ ಅದು ಜೀವನಾಂಶಕ್ಕಿಂತ ಪ್ರಾಮಾಣಿಕವಾದ ಶಬ್ದವೆಂದು ತೋರುತ್ತದೆ. ಮಗುವಿನ ಅಭಿರಕ್ಷೆಗೆ ಮರಾಠಿಯವರು 'ತಾಬಾ' ಎನ್ನುತ್ತಾರೆ. ಕನ್ನಡದಲ್ಲಿ 'ತಾಬೆ' ಎಂದರೆ ಜಮೀನು, ಜಂಗಮ ವಸ್ತುಗಳ ಮೇಲಿನ ಹಿಡಿತ. 'ಮಗು ಯಾರ ತಾಬೆಗೆ' ಎಂದು ಕೇಳಿದಾಗ ಹೆತ್ತವಳಿಗೆ ಹೊಲದ ಪಾಲುಪಟ್ಟಿಯ ನೆನಪಾದರೆ ತಪ್ಪಿಲ್ಲ. ಇನ್ನು 'ಪ್ರಮಾಣಪತ್ರ' ನಮಗೆ ಆಣೆಯ ಹೇಳಿಕೆಯೂ ಹೌದು. ಮರಾಠಿಯವರಿಗೆ ಅದು ಶಾಲೆ, ಕಛೇರಿಗಳಲ್ಲಿ ಕೊಡುವ ಸರ್ಟಿಫಿಕೇಟು, ಆಣೆಯ ಹೇಳಿಕೆಗೆ ಅವರ ಶಬ್ದ 'ಪ್ರತಿಜ್ಞಾಪತ್ರ'.

ಶಬ್ದಗಳ ತೊಡಕನ್ನು ಒಂದು ಪದಕೋಶದಿಂದ ಬಿಡಿಸಬಹುದು. ಅದಕ್ಕಿಂತ ಆಳವಾದ ತೊಡಕು ವಾಕ್ಯಗಳಲ್ಲಿದೆ. ಪರಿತ್ಯಾಗ ವಿಚ್ಛೇದನದ ಆಧಾರಗಳಲ್ಲಿ ಒಂದು. ಕನಿಷ್ಠ ಎರಡು ವರ್ಷ, ಸಕಾರಣವಿಲ್ಲದೆ, ಮರಳಿ ಬರುವ ಉದ್ದೇಶವಿಲ್ಲದೆ ಸಂಗಾತಿಯನ್ನು ತೊರೆದಿರಬೇಕು. ಮನೆಯಲ್ಲಿರಲಾಗದಂತೆ ಮಾಡಿದವನೇ ಪರಿತ್ಯಾಗಿ, ಹೊರಟುಹೋದವಳಲ್ಲ ಎಂಬುದು ಇದರ ತಿರುಳು. ಈಗ ನಮ್ಮ ಹೆಣ್ಣುಮಗಳ ಮಾತನ್ನು ಗಮನಿಸಿರಿ. 'ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದೆ, ಆಮೇಲೆ ಕರೆಯಲು ಯಾರೂ ಬರಲಿಲ್ಲ' ಎನ್ನುತ್ತಾಳೆ. ಬಾಣಂತಿಯನ್ನು ಗಂಡನ ಮನೆಯವರು ಬಂದು ಕರೆದೊಯ್ಯಬೇಕೆಂಬ, ಕರೆಯದೆ ಹೋಗುವುದು ಮಾನಗೇಡೆಂಬ ಲೋಕರೂಢಿಯೆಲ್ಲ ಆ ಎರಡನೆಯ ತುಂಡಿನಲ್ಲಿ ಅಡಗಿದೆ. ಕನ್ನಡ ಬಾರದ ಗುಮಾಸ್ತ ಅದನ್ನು 'ಅರ್ಜಿದಾರಳು ಇಂಥ ದಿನದಂದು ಗಂಡನ ಮನೆ ಬಿಟ್ಟು ಹೋದಳು' ಎಂದು ಇಂಗ್ಲಿಷಿಗೆ ಇಳಿಸುತ್ತಾನೆ. ಸುಳ್ಳೇನೂ ಅಲ್ಲ, ಆದರೆ ಈ ಒಂದು ವಾಕ್ಯದಿಂದ ಪರಿತ್ಯಕ್ತೆಯು ಪರಿತ್ಯಾಗಿಯಾದಳು. 'ಬಂದೆ', 'ಕಳಿಸಿದರು', 'ಕರೆತಂದರು', 'ಬಿಟ್ಟುಹೋದರು' ಎಂಬ ಕ್ರಿಯಾಪದಗಳ ನಡುವಿನ ಅಂತರ ವ್ಯಾಕರಣದ ತರಗತಿಯಲ್ಲಿ ಚಿಕ್ಕದು, ಇಲ್ಲಿ ಜೀವನದಷ್ಟು ದೊಡ್ಡದು. 'ಅನ್ನಬಾರದ್ದೆಲ್ಲ ಅಂದರು' ಎಂಬ ಮಾತೂ ಹಾಗೆಯೇ. ಆಡಿದ ಮಾತನ್ನು ಬಾಯಿಬಿಟ್ಟು ಹೇಳಲು ಸಂಕೋಚಪಡುವುದು ನಮ್ಮ ಹೆಂಗಸರ ಸಭ್ಯತೆ. ಆದರೆ ಮಾನಸಿಕ ಕ್ರೌರ್ಯವನ್ನು ಸಾಧಿಸಲು ಯಾವಾಗ, ಯಾರೆದುರು, ಏನಂದರು ಎಂಬ ವಿವರ ಬೇಕೇ ಬೇಕು. ಆ ಸಂಕೋಚವನ್ನು ಅರಿತು ಬಿಡಿಸಿ ಕೇಳಬಲ್ಲವರು ಅದೇ ಭಾಷೆಯಲ್ಲಿ ಬೆಳೆದವರೇ.

ಮಕ್ಕಳ ವಿಚಾರದಲ್ಲಿ ಕಾನೂನು ತಂದೆತಾಯಿಗಳ ಹಕ್ಕಿಗಿಂತ ಮಗುವಿನ ಕ್ಷೇಮವನ್ನು ಮೇಲಿಟ್ಟಿದೆ. ೧೯೫೬ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯಿದೆಯಂತೆ ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿಯಲ್ಲಿರಬೇಕು. ಸಹಜ ಪಾಲಕ ಮೊದಲು ತಂದೆ, ಆತನ 'ಅನಂತರ' ತಾಯಿ ಎಂದಿದ್ದ ವಾಕ್ಯವನ್ನು ಲೇಖಕಿ ಗೀತಾ ಹರಿಹರನ್ ಅವರು ಪ್ರಶ್ನಿಸಿದಾಗ, ೧೯೯೯ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ 'ಅನಂತರ'ಕ್ಕೆ ತಂದೆಯ ಮರಣಾನಂತರ ಎಂದಲ್ಲ, ಆತನು ಹೊಣೆ ಹೊರದಿರುವಾಗ ಎಂದು ಅರ್ಥ ಮಾಡಿತು. ಒಂದು ಅವ್ಯಯದ ಅರ್ಥನಿರ್ಣಯದಿಂದ ತಾಯಂದಿರ ಸ್ಥಾನ ಬದಲಾದ ಈ ತೀರ್ಪು ಭಾಷಾವಿದ್ಯಾರ್ಥಿಗಳು ಓದತಕ್ಕದ್ದು. ಪಾಲಕತ್ವದ ಅರ್ಜಿಯನ್ನು ೧೮೯೦ರ ಕಾಯಿದೆಯ ಪ್ರಕಾರ ಮಗು ಸಾಮಾನ್ಯವಾಗಿ ವಾಸಿಸುವ ಸ್ಥಳದಲ್ಲಿಯೇ ಹಾಕಬೇಕು. ಹೆಂಡತಿಗೆ ತನ್ನ ವಾಸಸ್ಥಳದಲ್ಲಿ ವಿಚ್ಛೇದನ ಕೇಳುವ ಅನುಕೂಲವಿದ್ದರೂ ಈ ಅರ್ಜಿಗೆ ಅಳತೆ ಬೇರೆ. ಮೇ ತಿಂಗಳ ರಜೆಯಲ್ಲಿ ಊರಿಗೊಯ್ದ ಮಗುವನ್ನು ಅಲ್ಲಿಯ ಶಾಲೆಗೆ ಸೇರಿಸಿಬಿಟ್ಟರೆ ವಾಸಸ್ಥಳ ಬದಲಾಯಿತೆಂದು ತಿಳಿಯುವವರು ಎರಡು ಪಕ್ಷಗಳಲ್ಲಿಯೂ ಇದ್ದಾರೆ. ನ್ಯಾಯಾಲಯಗಳು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ತಿಳಿವಳಿಕೆ ಬಂದ ಮಗುವಿನ ಇಚ್ಛೆಯನ್ನು ನ್ಯಾಯಾಧೀಶರು ಕೇಳಬಹುದು. ಮುಂಬಯಿಯಲ್ಲಿ ಬೆಳೆದ ಮಗು ಸಾಮಾನ್ಯವಾಗಿ ಹಿಂದಿ, ಮರಾಠಿಗಳಲ್ಲಿ ನಿರಾತಂಕವಾಗಿ ಮಾತಾಡುತ್ತದೆ, ತಾಯಿ ಮಾತಾಡಲಾರಳು. ತಾಯಿಯ ಮೌನವನ್ನು ಅಸಾಮರ್ಥ್ಯವೆಂದು ಓದದಂತೆ ನೋಡಿಕೊಳ್ಳುವುದು ನೆರವು ಕೊಡುವವರ ಕೆಲಸ. ಅಭಿರಕ್ಷೆಯ ಆದೇಶ ಎಂದಿಗೂ ಅಂತಿಮವಲ್ಲ. ಸಂದರ್ಭ ಬದಲಾದರೆ ಮತ್ತೆ ಕೇಳಬಹುದು. ಸೋತವರಿಗೆ ಇದನ್ನು ಹೇಳುವವರು ಬೇಕು.

ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಎಚ್ಚರಿಕೆ ಹೆಚ್ಚು ಬೇಕೆಂದು ನನ್ನ ಅಭಿಪ್ರಾಯ. ೧೯೭೬ರಲ್ಲಿ ಸೇರಿದ ೧೩-ಬಿ ಕಲಮಿನಂತೆ ಒಂದು ವರ್ಷ ಬೇರೆಯಾಗಿದ್ದವರು ಒಟ್ಟಿಗೆ ಅರ್ಜಿ ಕೊಟ್ಟು ಆರು ತಿಂಗಳು ಕಾಯಬೇಕು. ಯೋಗ್ಯ ಸಂದರ್ಭದಲ್ಲಿ ಈ ಕಾಯುವಿಕೆಯನ್ನು ಬಿಟ್ಟುಕೊಡಬಹುದೆಂದು ೨೦೧೭ರಲ್ಲಿ ತೀರ್ಪಾಗಿದೆ. ಜಗಳವಿಲ್ಲದೆ ಮುಗಿಯುತ್ತದೆಂದು ಬಂಧುಗಳೂ ವಕೀಲರೂ ಇದನ್ನೇ ಇಷ್ಟಪಡುತ್ತಾರೆ. ಆದರೆ ಇದರ ಜೊತೆಗೆ ಸಲ್ಲಿಸುವ 'ಕನ್ಸೆಂಟ್ ಟರ್ಮ್ಸ್' ಎಂಬ ಇಂಗ್ಲಿಷ್ ಒಪ್ಪಂದದಲ್ಲಿ ಜೀವನಾಂಶವನ್ನು ಬಿಟ್ಟುಕೊಟ್ಟೆ, ಮಗುವನ್ನು ತಿಂಗಳಿಗೆ ಎರಡು ಸಲ ಮಾತ್ರ ನೋಡುತ್ತೇನೆ ಎಂಬ ಸಾಲುಗಳಿರಬಹುದು. ಒಪ್ಪಿಗೆಯ ಮೇಲೆ ಕುಟುಂಬ ನ್ಯಾಯಾಲಯ ಕೊಟ್ಟ ಡಿಕ್ರಿಗೆ ಮೇಲ್ಮನವಿಯಿಲ್ಲ. ಡಿಕ್ರಿಯಾಗುವವರೆಗೂ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದೆಂದು ಸರ್ವೋಚ್ಚ ನ್ಯಾಯಾಲಯ ೧೯೯೧ರಲ್ಲಿ ಹೇಳಿದೆ; ಆದರೆ ಏನನ್ನು ಒಪ್ಪಿದೆನೆಂದು ತಿಳಿದಿದ್ದರೆ ತಾನೆ ಹಿಂತೆಗೆಯುವುದು? ಕಾಗದದ ಭಾಷೆ ಅರಿಯದವರಿಗೆ ಅದರ ಒಕ್ಕಣೆಯನ್ನು ಅವರ ಭಾಷೆಯಲ್ಲಿ ವಿವರಿಸಿ ಹೇಳಲಾಗಿದೆ ಎಂಬ ಷರಾ ಕೊನೆಯಲ್ಲಿರಬೇಕು. ಆ ಷರಾದ ಕೆಳಗೆ ರುಜು ಹಾಕುವವರು ಸಾಲುಸಾಲಾಗಿ ಕನ್ನಡದಲ್ಲಿ ಓದಿ ಹೇಳಿ, ಕೇಳಿದವಳು ಅದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳುವವರೆಗೆ ಕಾದು, ಆಮೇಲೆ ಲೇಖನಿ ಕೊಡಬೇಕು.