ಅಪಘಾತ ಮುಚ್ಚಿಟ್ಟರೆ ಅಪರಾಧ: ಊರಿನ ದಾರಿಯಲ್ಲಿ ಕಲಿತ ಪಾಠ

ಮೇ ತಿಂಗಳ ರಜೆ ಬಂತೆಂದರೆ ಮುಂಬಯಿ ಕನ್ನಡಿಗರ ಕಾರುಗಳು ಊರಿನ ದಾರಿ ಹಿಡಿಯುತ್ತವೆ. ಮದುವೆ, ಗೃಹಪ್ರವೇಶ, ಬ್ರಹ್ಮಕಲಶ ಎಂದು ಎಲ್ಲರಿಗೂ ಅವಸರ. ಎರಡು ವರ್ಷದ ಹಿಂದೆ ಅಂಥದೇ ಅವಸರದಲ್ಲಿ ನಾವು ಮಾಡಿದ ತಪ್ಪೊಂದನ್ನು ಬಂಧುಗಳ ಮುಂದಿಡುತ್ತಿದ್ದೇನೆ.

ಮುಂಬಯಿ-ಗೋವಾ ಹೆದ್ದಾರಿಯಲ್ಲಿ ಮಹಾಡ್ ದಾಟಿದ್ದೆವು. ಕಾರು ಓಡಿಸುತ್ತಿದ್ದವರು ನನ್ನ ಭಾವ. ಒಳರಸ್ತೆಯಿಂದ ನುಗ್ಗಿದ ಸ್ಕೂಟರ್ ನಮ್ಮ ಬಂಪರಿಗೆ ತಾಗಿ ಉರುಳಿತು. ಸವಾರ ಎದ್ದು, ಕಾಲು ಉಜ್ಜಿಕೊಂಡು “ಕಾಹೀ ನಾಹೀ” ಎಂದ. ಠಾಣೆಗೆ ಹೋಗಿ ತಿಳಿಸಿಬಿಡೋಣ ಎಂದರು ಭಾವ. “ಠಾಣೆ ಹತ್ತಿದರೆ ದಿನವಿಡೀ ಹಾಳು, ನಾಳಿನ ಮುಹೂರ್ತ ತಪ್ಪುತ್ತದೆ” ಎಂದವನು ನಾನೇ. ಅವನ ಕೈಗೆ ಎರಡು ಸಾವಿರ ರೂಪಾಯಿ ಇಟ್ಟು ಹೊರಟೆವು.

ಸಂಜೆ ಅವನ ಕಾಲು ಊದಿತಂತೆ. ಆಸ್ಪತ್ರೆಯಲ್ಲಿ ಮೂಳೆ ಮುರಿದಿದೆ ಎಂದರಂತೆ. ಯಾರೋ ನಮ್ಮ ಕಾರಿನ ನಂಬರ್ ಬರೆದಿಟ್ಟಿದ್ದರು. ಪೊಲೀಸ್ ದೂರಿನಲ್ಲಿ ನಾವು ‘ಗುದ್ದಿ ಪರಾರಿಯಾದವರು’. ನಾಲ್ಕು ತಿಂಗಳ ಬಳಿಕ ಭಾವನವರಿಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ನೋಟೀಸು ಬಂತು. ನಮಗೇಕೆ ತಿಳಿಸಲಿಲ್ಲ ಎಂದು ವಿಮಾ ಕಂಪನಿಯೂ ಕೇಳಿತು. ತಪ್ಪು ಅರ್ಧ ಸ್ಕೂಟರಿನವನದೂ ಇತ್ತು. ಅದನ್ನು ತೋರಿಸಲು ಪಂಚನಾಮೆ ಇಲ್ಲ, ಫೋಟೋ ಇಲ್ಲ, ಕೊಟ್ಟ ಹಣಕ್ಕೆ ಚೀಟಿಯೂ ಇಲ್ಲ. ಮೂವತ್ತು ವರ್ಷ ಬ್ಯಾಂಕಿನಲ್ಲಿ ವೋಚರ್ ಇಲ್ಲದೆ ಒಂದು ರೂಪಾಯಿ ದಾಟಿಸದ ನಾನು ರಸ್ತೆಯಲ್ಲಿ ಆ ಪಾಠ ಮರೆತಿದ್ದೆ.

1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಮು ಸ್ಪಷ್ಟವಾಗಿದೆ. ಯಾರಿಗಾದರೂ ಗಾಯವಾದರೆ ಅಥವಾ ಇತರರ ಸೊತ್ತಿಗೆ ಹಾನಿಯಾದರೆ, ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಚಾಲಕನ ಕರ್ತವ್ಯ. ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ತಿಳಿಸಬೇಕು. ವಿಮಾ ಕಂಪನಿಗೂ ಪಾಲಿಸಿ ನಂಬರ್, ದಿನ, ವೇಳೆ, ಸ್ಥಳ, ಗಾಯಾಳುವಿನ ಮತ್ತು ಚಾಲಕನ ವಿವರ ಬರೆದು ಕಳಿಸಬೇಕು. ತಪ್ಪಿದರೆ 187ನೇ ಕಲಮಿನಡಿ, 2019ರ ತಿದ್ದುಪಡಿಯಂತೆ, 6 ತಿಂಗಳವರೆಗೆ ಸಜೆ ಅಥವಾ 5,000 ರೂ. ದಂಡ, ಇಲ್ಲವೇ ಎರಡೂ. ಜನ ಸೇರಿ ಹೊಡೆಯಬಹುದೆಂಬ ಹೆದರಿಕೆ ಇದ್ದರೆ ಅಲ್ಲಿಂದ ಹೊರಟು ನೇರ ಠಾಣೆಗೆ ಹೋಗಿ. ಕಾರಣ ಹೇಳಲು ಕಾಯ್ದೆಯಲ್ಲೇ ಅವಕಾಶವಿದೆ.

ಗಾಯ ಚಿಕ್ಕದೆಂದು ನಾವು ತೀರ್ಮಾನಿಸುವುದು ಬೇಡ, ಅದನ್ನು ಡಾಕ್ಟರು ಹೇಳಲಿ. 112ಕ್ಕೆ ಫೋನ್ ಮಾಡಿ. ವಾಹನ ಸರಿಸುವ ಮುನ್ನ ನಾಲ್ಕು ಫೋಟೋ ತೆಗೆಯಿರಿ. ಠಾಣೆಗೆ ಕೊಟ್ಟ ಅರ್ಜಿಯ ಪ್ರತಿಗೆ ಠಸ್ಸೆ ಹಾಕಿಸಿಕೊಳ್ಳಿ. ರಜೆಯ ಮುನ್ನ ನಮ್ಮ ಸಂಘಗಳು ಒಂದು ಸಂಜೆ ವಕೀಲರನ್ನು ಕರೆಸಿ ಇದನ್ನು ಸದಸ್ಯರಿಗೆ ತಿಳಿಸಿದರೆ ಉಪಕಾರವಾದೀತು.

ಅಂದು ಠಾಣೆಯಲ್ಲಿ ಅರ್ಧ ದಿನ ಹೋಗುತ್ತಿತ್ತು, ಅಷ್ಟೇ. ಇಂದು ಭಾವ ಪ್ರತಿ ತಾರೀಕಿಗೂ ರಜೆ ಹಾಕಿ ಕೋರ್ಟಿಗೆ ಹೋಗುತ್ತಾರೆ. ನನ್ನನ್ನು ಒಮ್ಮೆಯೂ ದೂರಿಲ್ಲ. ಮುರಿದ ಕಾಲಿನಲ್ಲಿ ನಿಂತು “ಕಾಹೀ ನಾಹೀ” ಎಂದವನ ಮುಖ ಮಾತ್ರ ನನಗೆ ಮರೆಯುತ್ತಿಲ್ಲ.