ಥೇಮ್ಸ್ ಅಡಿಯಲ್ಲೊಂದು ಕೊಳಚೆ ಹೊಳೆ

ಲಂಡನ್ನಿಗೆ ಬಂದ ನೆಂಟರಿಷ್ಟರನ್ನು ನಾನು ಮೊದಲು ಕರೆದೊಯ್ಯುವುದು ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಬಸವಣ್ಣನ ಬಳಿಗೆ. 2015ರಲ್ಲಿ ಅನಾವರಣಗೊಂಡ ಪುತ್ಥಳಿ. ಮುಂದೆ ಥೇಮ್ಸ್, ಆಚೆ ದಡದಲ್ಲಿ ಪಾರ್ಲಿಮೆಂಟು. ಫೋಟೊ ಮುಗಿದ ಮೇಲೆ ‘ಇನ್ನೇನು ನೋಡೋದು?’ ಎನ್ನುತ್ತಾರೆ. ಚರಂಡಿ ತೋರಿಸುತ್ತೇನೆ ಬನ್ನಿ ಅಂದರೆ ತಮಾಷೆ ಅಂದುಕೊಳ್ಳುತ್ತಾರೆ.

ನದಿಯ ಈ ದಂಡೆ ಕಟ್ಟಿಸಿದವನೂ ಚರಂಡಿಯ ಎಂಜಿನಿಯರೇ, ಜೋಸೆಫ್ ಬಾಝಲ್‌ಜೆಟ್. 1858ರ ಬೇಸಗೆಯಲ್ಲಿ ಥೇಮ್ಸ್ ಎಷ್ಟು ನಾರಿತೆಂದರೆ ಪಾರ್ಲಿಮೆಂಟಿನ ಕಿಟಕಿ ಪರದೆಗಳನ್ನು ಬ್ಲೀಚಿಂಗ್ ಪೌಡರಿನ ನೀರಲ್ಲಿ ಅದ್ದಿ ತೂಗುಹಾಕಿದ್ದರು. ಆಳುವವರ ಮೂಗಿಗೇ ಬಡಿದ ಮೇಲೆ ಹಣ ಮಂಜೂರಾಗಲು ತಡವಾಗಲಿಲ್ಲ! ಅವನು ಹಾಕಿದ ಇಟ್ಟಿಗೆಯ ಚರಂಡಿಗಳು ಇಂದಿಗೂ ಗಟ್ಟಿಯಾಗಿವೆ. ಆದರೆ ಅವುಗಳಲ್ಲಿ ಮಳೆನೀರು, ಕಕ್ಕಸಿನ ನೀರು ಎರಡೂ ಒಟ್ಟಿಗೇ ಹರಿಯುತ್ತವೆ. ಊರು ಬೆಳೆದು ತೊಂಬತ್ತು ಲಕ್ಷ ಮುಟ್ಟಿದಾಗ ಸಣ್ಣ ಮಳೆಗೂ ಚರಂಡಿ ಉಕ್ಕಿ, ಹೊಲಸು ನೇರ ನದಿಗೆ.

ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ಬಲಕ್ಕೆ ತಿರುಗಿ ನದಿಯ ಪಕ್ಕದಲ್ಲೇ ಹೋದರೆ ಹೊಳೆಯೊಳಕ್ಕೆ ಚಾಚಿಕೊಂಡ ಹೊಸ ಜಗಲಿಯೊಂದು ಸಿಗುತ್ತದೆ. ಅದರ ಮೇಲೆ ಎತ್ತರದ ಕಂಬಗಳು. ದೀಪದ ಕಂಬಗಳಲ್ಲ, ಆ ಹೊಲಸನ್ನು ಹಿಡಿದಿಡಲು ಹೊಸದಾಗಿ ಕೊರೆದ ಸುರಂಗದ ಗಾಳಿಯಾಡುವ ಮೂಗುಗಳು. ಕವಯಿತ್ರಿ ಡೊರೊತಿಯಾ ಸ್ಮಾರ್ಟ್ ಅವರ ಸಾಲುಗಳನ್ನು ಕಂಬದ ಮೈಮೇಲೆ ಎರಕ ಹೊಯ್ದಿದ್ದಾರೆ. ಚರಂಡಿಯ ಕೊಳವೆಗೂ ಕವಿತೆ! ನಾನು ಹೋದಾಗ ಪುಟ್ಟ ಹುಡುಗನೊಬ್ಬ ಕಂಬಕ್ಕೆ ಕಿವಿಯಿಟ್ಟು ನಿಂತಿದ್ದ.

ಜಗಲಿಯ ಅಡಿಯಲ್ಲಿರುವುದು ಬಾವಿ. ತುಂಬಿದ ಹಳೆಯ ಚರಂಡಿಯ ನೀರನ್ನು ಅಷ್ಟು ಆಳಕ್ಕೆ ಸುಮ್ಮನೆ ಸುರಿದರೆ ಹೊಡೆತಕ್ಕೆ ತಳ ಕಿತ್ತುಹೋದೀತು, ಗಾಳಿಯೂ ಸಿಕ್ಕಿಕೊಂಡೀತು. ಹಾಗಾಗಿ ಬಚ್ಚಲ ತೂಬಿನಲ್ಲಿ ನೀರು ಸುಳಿಯುವಂತೆ, ಕೊಳವೆಯ ಗೋಡೆಗೆ ಅಂಟಿಕೊಂಡು ಗಿರಗಿರನೆ ಸುತ್ತುತ್ತ ಇಳಿಯುವ ಹಾಗೆ ಮಾಡಿದ್ದಾರೆ. ನಡುವೆ ಗಾಳಿಗೆ ದಾರಿ ಬಿಟ್ಟಿರುತ್ತದೆ. ಕೆಳಗೆ 25 ಕಿಲೋಮೀಟರ್ ಉದ್ದ, 7.2 ಮೀಟರ್ ಅಗಲದ ಟೈಡ್‌ವೇ ಸುರಂಗ. ಪಶ್ಚಿಮದ ಆಕ್ಟನ್‌ನಿಂದ ಪೂರ್ವದ ಆಬಿ ಮಿಲ್ಸ್‌ವರೆಗೆ 790 ಮೀಟರಿಗೆ ಒಂದು ಮೀಟರಿನಂತೆ ಇಳಿಜಾರು. ಸುರಂಗದುದ್ದಕ್ಕೂ ಪಂಪು ಬೇಡ, ನೀರು ತಾನೇ ಹರಿಯುತ್ತದೆ. 2016ರಲ್ಲಿ ಕಾಮಗಾರಿ ಶುರುವಾಯಿತು; 2025ರ ಫೆಬ್ರವರಿಯಲ್ಲಿ ಎಲ್ಲ ಜೋಡಣೆಗಳೂ ಮುಗಿದವು.

ನನಗೆ ಅಚ್ಚರಿ ಸುರಂಗಕ್ಕಿಂತ ಅದರ ದಾರಿಯದು. ಬೆಂಗಳೂರಿನ ನಮ್ಮ ಬೀದಿಗೆ ಒಳಚರಂಡಿಯ ಪೈಪು ಹಾಕಿದಾಗ ತಿಂಗಳುಗಟ್ಟಲೆ ಹಲಗೆಯ ಮೇಲೆ ನಡೆದು ಮನೆ ಸೇರಿದವನು ನಾನು. ಇಲ್ಲಿ ಸುರಂಗದ ಬಹುಪಾಲು ದಾರಿ ನದಿಯ ಅಡಿಯಲ್ಲೇ ಇದೆ. ಮೇಲೆ ಮನೆಯ ಪಾಯ ಇಲ್ಲ, ಅಗೆಯಲು ರಸ್ತೆಯೂ ಇಲ್ಲ. ಆರು ಯಂತ್ರಗಳು ಜೇಡಿ, ಮರಳು, ಸುಣ್ಣಕಲ್ಲು ಕೊರೆದು ತೆಗೆದದ್ದರಲ್ಲಿ ಬಹುಪಾಲು ನದಿಯ ಮೇಲೇ ಬಾರ್ಜುಗಳಲ್ಲಿ ಸಾಗಿತು. ಲಕ್ಷಾಂತರ ಲಾರಿ ಓಡಾಟ ತಪ್ಪಿತು.

ಹಾಗಂತ ತೊಂದರೆ ಮಾಯವಾಗಲಿಲ್ಲ, ಕೆಲವೇ ಬಾವಿಗಳ ಸುತ್ತ ಗುಡ್ಡೆಯಾಯಿತು ಅಷ್ಟೆ. ಬರ್ಮಂಡ್ಸಿಯ ಚೇಂಬರ್ಸ್ ವಾರ್ಫ್‌ನಲ್ಲಿ ಕೊರೆತ ರಾತ್ರಿಯೂ ನಡೆಯಿತು. ನೆರೆಯವರು ವರ್ಷಗಟ್ಟಲೆ ಸದ್ದಿನ ದೂರು ಹೇಳಿದರು. ಕಿಟಕಿಗೆ ಎರಡನೇ ಗಾಜು, ಕೆಲವರಿಗೆ ಸ್ವಲ್ಪ ದಿನ ಬೇರೆ ವಸತಿ, ಇಂಥ ವ್ಯವಸ್ಥೆ ಮಾಡಬೇಕಾಯಿತು. ಊರಿಗೆ ಆಗದ ಕಿರಿಕಿರಿಯನ್ನು ಒಂದೆರಡು ಬೀದಿಯವರು ಹೊತ್ತರು ಎನ್ನುವುದು ನನ್ನ ಲೆಕ್ಕ. ಖರ್ಚನ್ನು ಮಾತ್ರ ಎಲ್ಲರೂ ಹೊತ್ತಿದ್ದೇವೆ, ನೀರಿನ ಬಿಲ್ಲಿನಲ್ಲಿ.

ಇನ್ನು ನಾಲ್ಕು ಹೆಜ್ಜೆ ಹಾಕಿದರೆ, ಹಂಗರ್‌ಫರ್ಡ್ ಸೇತುವೆಯ ಬಳಿ ನದಿಗೋಡೆಯಲ್ಲಿ ಮೀಸೆ ಹೊತ್ತ ಬಾಝಲ್‌ಜೆಟ್‌ನ ಮುಖ. ನದಿಗೆ ಸಂಕೋಲೆ ತೊಡಿಸಿದವನು ಎಂಬರ್ಥದ ಲ್ಯಾಟಿನ್ ಸಾಲಿದೆ. ವಾಹನಗಳ ಭರಾಟೆಯಲ್ಲಿ ಕಣ್ಣಿಗೆ ಬೀಳುವುದು ಕಷ್ಟ. ಎಂಬ್ಯಾಂಕ್‌ಮೆಂಟ್ ಸ್ಟೇಷನ್ನಿನಲ್ಲಿ ಇಳಿದು ನದಿಯ ಕಡೆಗೆ ರಸ್ತೆ ದಾಟಿ ಹುಡುಕಿ. ಟಿಕೆಟ್ ಇಲ್ಲ.