ಕನಸು ಕಾಣುವವನ ಚಿತ್ರ

ನಿದ್ರೆ ಮಾಡುತ್ತಿರುವಾಗ ನಿಮ್ಮ ಮುಖ ಹೇಗಿರುತ್ತದೆಂಬುದನ್ನು ನೀವು ಎಂದಾದರೂ ನೋಡಿದ್ದೀರಾ? ಕನ್ನಡಿಯ ಮುಂದೆ ನಿಂತು ಕಣ್ಣು ಮುಚ್ಚಿದರೆ ನೋಡುವವರು ಯಾರು? ಮನೆಯವರು ನೋಡಿದ್ದಾರೆ; ರೈಲಿನಲ್ಲಿ ಎದುರಿಗೆ ಕುಳಿತ ಅಪರಿಚಿತರೂ ನೋಡಿದ್ದಾರೆ; ನಾವು ಮಾತ್ರ ನೋಡಿಲ್ಲ. ಇದಕ್ಕೆ ತದ್ವಿರುದ್ಧವಾದುದು ಕನಸು. ಅದನ್ನು ನಾವೊಬ್ಬರೇ ನೋಡಬಲ್ಲೆವು. ಪಕ್ಕದಲ್ಲಿಯೇ ಮಲಗಿರುವವರಿಗೂ ಅದರ ಸುಳಿವು ಸಿಕ್ಕದು. ಹೀಗೆ ಮಲಗಿದವನ ಹೊರಗು ಪರರಿಗೆ, ಒಳಗು ತನಗೆ ಎಂದು ಪಾಲಾಗಿಬಿಟ್ಟಿದೆ. ಈ ಎರಡು ಪಾಲುಗಳನ್ನೂ ಒಂದೇ ತೆರೆಯ ಮೇಲೆ ಕೂಡಿಸಬಹುದೆ? ಹೊರಗನ್ನು ಛಾಯಾಚಿತ್ರದಿಂದ ಹಿಡಿದು, ಒಳಗನ್ನು ಗೆರೆಗಳಿಂದ ಬರೆದು, ಎರಡನ್ನೂ ಚಲಿಸುವಂತೆ ಮಾಡಿದರೆ ಆಯಿತು. ಹೇಳುವುದು ಸುಲಭ.

ಚಿತ್ರಗಳು ಚಲಿಸುವ ಗುಟ್ಟು ಹಳೆಯದು. ೧೮೩೨ರಲ್ಲಿ ಬೆಲ್ಜಿಯಂ ದೇಶದ ಜೋಸೆಫ್ ಪ್ಲಾಟೋ ಎಂಬ ವಿಜ್ಞಾನಿ, ತಟ್ಟೆಯೊಂದರ ಅಂಚಿನಲ್ಲಿ ಸಾಲಾಗಿ ಬರೆದ ಚಿತ್ರಗಳನ್ನು ತಿರುಗಿಸಿ, ಸೀಳುಗಂಡಿಗಳ ಮೂಲಕ ಕನ್ನಡಿಯಲ್ಲಿ ನೋಡಿದರೆ ಅವು ಕುಣಿದಂತೆ ಕಾಣುವುದೆಂದು ತೋರಿಸಿದನು. ಒಂದಕ್ಕಿಂತ ಒಂದು ಸ್ವಲ್ಪ ಸ್ವಲ್ಪವೇ ಬದಲಾದ ಚಿತ್ರಗಳು ಬೇಗಬೇಗನೆ ಕಣ್ಣಿನ ಮುಂದೆ ಹಾದುಹೋದರೆ, ಮನಸ್ಸು ಅವನ್ನು ಬಿಡಿಬಿಡಿಯಾಗಿ ಕಾಣದೆ ಒಂದೇ ಚಲನೆಯಾಗಿ ಹೊಲಿದುಕೊಳ್ಳುತ್ತದೆ. ಚಲಚ್ಚಿತ್ರವೆಲ್ಲ ನಿಂತಿರುವುದು ಇದರ ಮೇಲೆಯೇ.

ಈ ಗುಟ್ಟನ್ನು ಕನಸಿಗೆ ಹಚ್ಚಿದವರಲ್ಲಿ ವಿನ್ಸರ್ ಮೆಕೇ ಎಂಬ ಅಮೆರಿಕದ ವೃತ್ತಪತ್ರಿಕಾ ಚಿತ್ರಕಾರನನ್ನು ಮೊದಲು ನೆನೆಯಬೇಕು. ೧೯೦೪ರಿಂದ ಅವನು ಒಂದು ಚಿತ್ರಮಾಲೆಯನ್ನು ಬರೆದನು. ರಾತ್ರಿ ಗಿಣ್ಣು ಹಚ್ಚಿದ ರೊಟ್ಟಿಯನ್ನು ಹೊಟ್ಟೆ ಬಿರಿಯ ತಿಂದು ಮಲಗಿದವರಿಗೆ ಬೀಳುವ ದುಃಸ್ವಪ್ನಗಳೇ ಅದರ ವಸ್ತು. ಮರುವರ್ಷ ‘ಲಿಟಲ್ ನೀಮೋ’ ಎಂಬ ಬಾಲಕನನ್ನು ಸೃಷ್ಟಿಸಿದನು. ಪ್ರತಿ ವಾರವೂ ಅವನು ಸ್ವಪ್ನಲೋಕಕ್ಕೆ ಹೋಗುವನು, ಕಡೆಯ ಚೌಕದಲ್ಲಿ ಎಚ್ಚರಗೊಳ್ಳುವನು. ೧೯೧೧ರಲ್ಲಿ ಮೆಕೇ ಇದೇ ನೀಮೋವನ್ನು ಚಲಚ್ಚಿತ್ರಕ್ಕೆ ತಂದಾಗ ಸುಮಾರು ನಾಲ್ಕು ಸಾವಿರ ಚಿತ್ರಗಳನ್ನು ಕೈಯಿಂದ ಬರೆದನು. ಆದರೆ ನಮಗಿಲ್ಲಿ ಮುಖ್ಯವಾದುದು ಬೇರೊಂದು. ಆ ಚಿತ್ರದಲ್ಲಿ ಮೆಕೇ ತಾನೇ ಕಾಣಿಸಿಕೊಳ್ಳುತ್ತಾನೆ. ಸ್ನೇಹಿತರೊಡನೆ ಪಣ ತೊಡುತ್ತಾನೆ, ಕಾಗದದ ರಾಶಿಯ ನಡುವೆ ಕುಳಿತು ಬರೆಯುತ್ತಾನೆ. ಆಮೇಲೆ ಅವನು ಬರೆದುದು ಚಲಿಸತೊಡಗುತ್ತದೆ. ಬರೆಯುವವನು ಛಾಯಾಚಿತ್ರದಲ್ಲಿ, ಅವನ ಕನಸು ಗೆರೆಯಲ್ಲಿ! ನಾವು ಮಾಡಹೊರಟಿರುವ ಕೆಲಸದ ಬೀಜ ಅಲ್ಲಿಯೇ ಇದೆ.

ಅನಂತರ ಬಂದ ಮ್ಯಾಕ್ಸ್ ಫ್ಲೈಷರ್ ಇನ್ನೊಂದು ಹೆಜ್ಜೆ ಮುಂದೆ ಹೋದನು. ತಮ್ಮನಿಗೆ ವಿದೂಷಕನ ಉಡುಪು ತೊಡಿಸಿ ಕುಣಿಸಿ, ಅದನ್ನು ಫಿಲ್ಮಿನಲ್ಲಿ ತೆಗೆದು, ಆ ಫಿಲ್ಮಿನ ಒಂದೊಂದು ಚೌಕವನ್ನೂ ಗಾಜಿನ ಮೇಲೆ ಬೀಳಿಸಿ, ಅದರ ಮೇಲಿಟ್ಟ ಕಾಗದದಲ್ಲಿ ಗೆರೆಗಳನ್ನು ತಿದ್ದಿಕೊಂಡನು. ‘ರೋಟೋಸ್ಕೋಪ್’ ಎಂದು ಇದಕ್ಕೆ ಹೆಸರು. ಆ ವಿದೂಷಕನು ಮಸಿಕುಡಿಕೆಯಿಂದ ಮೇಲೆದ್ದು, ಮೇಜಿನ ಮುಂದೆ ನಿಜವಾಗಿ ಕುಳಿತಿರುವ ಫ್ಲೈಷರನನ್ನು ಕಾಡಿಸುವ ಚಿತ್ರಗಳು ೧೯೧೮ರಿಂದ ಬಂದುವು. ಇದೇ ಉಪಾಯ ೨೦೦೧ರಲ್ಲಿ ‘ವೇಕಿಂಗ್ ಲೈಫ್’ ಎಂಬ ಚಿತ್ರದಲ್ಲಿ ಗಣಕಯಂತ್ರದ ಸಹಾಯದಿಂದ ಮತ್ತೆ ಬಳಕೆಗೆ ಬಂದಿತು. ಅದರ ನಾಯಕನು ಒಂದು ಕನಸಿನಿಂದ ಎದ್ದರೆ ಇನ್ನೊಂದು ಕನಸಿಗೆ ಬೀಳುತ್ತಾನೆ. ನಟರನ್ನು ಮೊದಲು ಕ್ಯಾಮರಾದಲ್ಲಿ ತೆಗೆದು, ಅನೇಕ ಚಿತ್ರಕಾರರು ಅವರ ಮೇಲೆ ಗೆರೆ ಬಣ್ಣಗಳನ್ನು ಬರೆದುದರಿಂದ, ಗೋಡೆಗಳೂ ಮುಖಗಳೂ ನೀರಿನ ಮೇಲೆ ತೇಲುವಂತೆ ಅಲುಗಾಡುತ್ತವೆ.

ನಮ್ಮ ದೇಶದ ಮಾತೂ ಒಂದಿಷ್ಟಿದೆ. ದಾದಾಸಾಹೇಬ್ ಫಾಲ್ಕೆಯವರು ೧೯೧೩ರ ‘ರಾಜಾ ಹರಿಶ್ಚಂದ್ರ’ಕ್ಕೆ ಮುನ್ನ, ಬಟಾಣಿ ಕಾಳೊಂದು ಮೊಳೆತು ಗಿಡವಾಗುವುದನ್ನು ದಿನದಿನವೂ ಒಂದಿಷ್ಟಿಷ್ಟೇ ತೆಗೆದು ಕಿರುಚಿತ್ರ ಮಾಡಿದ್ದರು. ದಿನಗಳನ್ನು ನಿಮಿಷಕ್ಕಿಳಿಸುವ ಆ ತಾಳ್ಮೆಯೇ ಈ ಕಲೆಯ ಬಂಡವಾಳ.

ಈಗ ಕೆಲಸಕ್ಕೆ ಬರೋಣ. ಮೊದಲು ಬೇಕಾದುದು ಕನಸು. ಎಚ್ಚರವಾದೊಡನೆ ಎದ್ದು ಓಡಬೇಡಿ. ಕಣ್ಣು ತೆರೆಯದೆ, ಮಗ್ಗುಲು ಬದಲಿಸದೆ ಒಂದು ಕ್ಷಣ ಹಾಗೆಯೇ ಇದ್ದು, ಕಂಡುದನ್ನು ಹಿಂದುಮುಂದಾಗಿಯಾದರೂ ನೆನೆದುಕೊಳ್ಳಿ. ತಲೆದಿಂಬಿನ ಬಳಿ ಪುಸ್ತಕ ಪೆನ್ಸಿಲು ಇರಲಿ. ಕಥೆಯನ್ನು ಬರೆಯುವುದಕ್ಕಿಂತ ಯಾವುದು ಎಲ್ಲಿತ್ತು, ಬಾಗಿಲು ಎಡಕ್ಕೋ ಬಲಕ್ಕೋ, ಬೆಳಕು ಎಲ್ಲಿಂದ ಎಂಬುದನ್ನು ನಾಲ್ಕು ಗೆರೆಗಳಲ್ಲಿ ಗುರುತುಹಾಕಿಕೊಳ್ಳುವುದು ಮೇಲು. ಕಾಫಿ ಕುಡಿದು ಬರುವ ವೇಳೆಗೆ ಮನಸ್ಸು ಆ ಕನಸಿಗೆ ಸೇರದ ಅರ್ಥವನ್ನೆಲ್ಲ ಸೇರಿಸಿಬಿಟ್ಟಿರುತ್ತದೆ.

ನನಗೆ ಪದೇ ಪದೇ ಬೀಳುವ ಕನಸೊಂದಿದೆ. ಬಾನುಲಿಯಲ್ಲಿ ಭಾಷಣ ಮಾಡಿದವರಿಗೆ ಅದು ಅಪರಿಚಿತವಾಗಿರಲಾರದು. ಧ್ವನಿಮುದ್ರಣದ ಕೊಠಡಿಯಲ್ಲಿ ಕುಳಿತಿದ್ದೇನೆ. ಕೆಂಪು ದೀಪ ಹತ್ತಿಕೊಳ್ಳುತ್ತದೆ. ಕೈಯಲ್ಲಿರುವ ಹಾಳೆಯ ಅಕ್ಷರಗಳು ಇರುವೆಗಳಂತೆ ಸಾಲುಗಟ್ಟಿ ಅಂಚಿನಿಂದ ಇಳಿದು, ಮೇಜಿನ ಮೇಲೆ ಹರಿದು ಹೋಗುತ್ತವೆ. ಗಾಜಿನಾಚೆ ಕುಳಿತವರು ಮಾತಾಡಿ ಎಂದು ಸನ್ನೆ ಮಾಡುತ್ತಲೇ ಇರುತ್ತಾರೆ. ಅಂದ ಹಾಗೆ, ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ವೃತ್ತಿಯಿಂದ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಈ ಕನಸನ್ನು ಕೇಳಿದ್ದರೆ ಏನೆನ್ನುತ್ತಿದ್ದರೋ!

ಈ ಕನಸನ್ನೇ ಇಪ್ಪತ್ತು ಸೆಕೆಂಡಿನ ಚಿತ್ರವಾಗಿ ಮಾಡಲು ಹೊರಟೆ. ಲೆಕ್ಕ ಹೀಗೆ: ಚಲಚ್ಚಿತ್ರದಲ್ಲಿ ಸೆಕೆಂಡಿಗೆ ೨೪ ಚೌಕಗಳು. ಒಂದೊಂದು ಚಿತ್ರವನ್ನೂ ಎರಡೆರಡು ಚೌಕ ನಿಲ್ಲಿಸಿದರೆ ೧೨ ಚಿತ್ರಗಳು ಸಾಕು, ಕಣ್ಣು ಒಪ್ಪಿಕೊಳ್ಳುತ್ತದೆ. ಅಲ್ಲಿಗೆ ೨೪೦ ಚಿತ್ರಗಳು. ಮೊದಲ ೪೮ ಬರಿಯ ಛಾಯಾಚಿತ್ರ, ಮುಂದಿನ ೪೮ ಎರಡರ ಬೆರಕೆ, ೧೨೦ ಬರಿಯ ಗೆರೆ, ಕಡೆಯ ೨೪ ಮತ್ತೆ ಛಾಯಾಚಿತ್ರ ಎಂದು ಹಂಚಿಕೊಂಡೆ.

ನಿದ್ರೆಯ ಛಾಯಾಚಿತ್ರಗಳನ್ನು ಮೊದಲು ನಟಿಸಿ ತೆಗೆದೆ. ಒಂದೂ ಪ್ರಯೋಜನಕ್ಕೆ ಬರಲಿಲ್ಲ. ನಿದ್ರೆಯನ್ನು ನಟಿಸುವವನ ತುಟಿ ಬಿಗಿದಿರುತ್ತದೆ, ಹುಬ್ಬುಗಳು ಕಾಯುತ್ತಿರುತ್ತವೆ. ಆದುದರಿಂದ ಮಂಚದ ಬಳಿ ಮಂದವಾದ ದೀಪವಿಟ್ಟು, ಮೊಬೈಲನ್ನು ಅಲುಗದಂತೆ ನಿಲುವಿಗೆ ಕಟ್ಟಿ, ಹತ್ತು ಸೆಕೆಂಡಿಗೊಂದು ಚಿತ್ರ ತೆಗೆಯುವಂತೆ ಏರ್ಪಡಿಸಿ ನಿಜವಾಗಿಯೇ ಮಲಗಿದೆ. ಗಂಟೆಗೆ ೩೬೦ ಚಿತ್ರಗಳಾದುವು. ಓಡಿಸಿದರೆ ಅರ್ಧ ನಿಮಿಷ. ಮಲಗಿದ್ದವನು ಚಿಮ್ಮಿ ಚಿಮ್ಮಿ ಮಗ್ಗುಲು ಬದಲಿಸುತ್ತಾನೆ. ಕೆನಡಾದಲ್ಲಿ ನಾರ್ಮನ್ ಮೆಕ್‌ಲಾರೆನ್ ೧೯೫೨ರಲ್ಲಿ ಮಾಡಿದ ‘ನೇಬರ್ಸ್’ ಚಿತ್ರದಲ್ಲಿ ಮನುಷ್ಯರು ಬೊಂಬೆಗಳಂತೆ ಚಲಿಸುವುದೂ ಹೀಗೆ ಒಂದೊಂದೇ ಚೌಕ ತೆಗೆದುದರಿಂದಲೇ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಕಿಟಕಿಯ ಬೆಳಕನ್ನು ನಂಬಬೇಡಿ. ಸೂರ್ಯ ನಿಮಗಾಗಿ ನಿಲ್ಲುವುದಿಲ್ಲ. ಒಂದು ಮೋಡ ಹಾದರೆ ಇಡೀ ಚಿತ್ರ ಮಿಣುಕುತ್ತದೆ. ಹಾಗೆಯೇ ಮೊಬೈಲಿನ ಕ್ಯಾಮರಾ ತಾನಾಗಿಯೇ ಬೆಳಕನ್ನೂ ದೂರವನ್ನೂ ಸರಿಪಡಿಸಿಕೊಳ್ಳುತ್ತ ಹೋಗದಂತೆ ಮೊದಲೇ ಬೀಗ ಹಾಕಿಬಿಡಿ. ನನ್ನ ಮೊದಲ ರಾತ್ರಿಯ ದುಡಿಮೆಯೆಲ್ಲ ಇದರಿಂದಲೇ ಹಾಳಾಯಿತು.

ಛಾಯಾಚಿತ್ರದಿಂದ ಗೆರೆಗೆ ದಾಟುವುದು ಎಲ್ಲಿ? ಚಿತ್ರದ ಜೀವವಿರುವುದು ಈ ಪ್ರಶ್ನೆಯಲ್ಲಿ. ೧೯೫೩ರಲ್ಲಿ ಶಿಕಾಗೋ ವಿಶ್ವವಿದ್ಯಾನಿಲಯದ ಆಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬುವರು, ನಿದ್ರೆಯ ಒಂದು ಅವಸ್ಥೆಯಲ್ಲಿ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ಚುರುಕಾಗಿ ಓಡಾಡುವುದನ್ನೂ, ಆಗ ಎಬ್ಬಿಸಿದವರಲ್ಲಿ ಬಹುಮಂದಿ ಕನಸನ್ನು ಹೇಳಿದುದನ್ನೂ ಪ್ರಕಟಿಸಿದರು. ಎಂದಮೇಲೆ ಒಳಗಿನದು ಹೊರಗೆ ತುಸುವಾದರೂ ಕಾಣಿಸುವ ಸ್ಥಳವೆಂದರೆ ಕಣ್ಣಿನ ರೆಪ್ಪೆ. ನಾನೂ ಅಲ್ಲಿಂದಲೇ ಹೊರಟೆ.

ಛಾಯಾಚಿತ್ರಗಳನ್ನು ಕಾಗದಕ್ಕೆ ಅಚ್ಚು ಹಾಕಿಸಿ, ಎಲ್ಲದಕ್ಕೂ ಒಂದೇ ಸ್ಥಳದಲ್ಲಿ ಎರಡು ತೂತು ಮಾಡಿ, ಹಲಗೆಯ ಮೇಲಿನ ಎರಡು ಗೂಟಗಳಿಗೆ ಸಿಕ್ಕಿಸುವುದು. ಈ ಗೂಟಗಳಿಲ್ಲದಿದ್ದರೆ ಹಾಳೆ ಕೂದಲೆಳೆಯಷ್ಟು ಸರಿದರೂ ತೆರೆಯ ಮೇಲೆ ತಲೆಯೇ ನಡುಗುತ್ತದೆ. ಮರದ ಚೌಕಟ್ಟಿಗೆ ಗಾಜು ಹಾಕಿ, ಅಡಿಯಲ್ಲಿ ಎಲ್‌ಇಡಿ ದೀಪವಿಟ್ಟರೆ ಬರೆಯುವ ಮೇಜು ಸಿದ್ಧ. ಛಾಯಾಚಿತ್ರದ ಮೇಲೆ ಬಟರ್ ಪೇಪರ್ ಇಟ್ಟು, ಮೊದಲು ರೆಪ್ಪೆಯ ಒಂದು ಗೆರೆ ಮಾತ್ರ. ಮುಂದಿನ ಚಿತ್ರದಲ್ಲಿ ರೆಪ್ಪೆಗೂದಲು. ಅದರ ಮುಂದೆ ಆ ಕೂದಲುಗಳಲ್ಲಿ ಒಂದು ಕಳಚಿ ಕೆನ್ನೆಯ ಮೇಲೆ ನಡೆಯತೊಡಗುತ್ತದೆ. ಅದೇ ಇರುವೆ, ಅದೇ ಅಕ್ಷರ. ನಿಧಾನವಾಗಿ ಗೆರೆಗಳು ಹೆಚ್ಚಿ, ಅಡಿಯ ಛಾಯಾಚಿತ್ರವನ್ನು ಪೇಲವಗೊಳಿಸುತ್ತ ಬಂದು, ಕಡೆಗೆ ತೆಗೆದುಬಿಡುವುದು.

ಕಂಡ ಸುಕ್ಕನ್ನೆಲ್ಲ ತಿದ್ದಬೇಡಿ. ಎಲ್ಲವನ್ನೂ ತಿದ್ದಿದ ಮುಖ ಸತ್ತಂತೆ ಕಾಣುತ್ತದೆ. ಗೆರೆಗಳು ಚಿತ್ರದಿಂದ ಚಿತ್ರಕ್ಕೆ ತುಸು ಅಲುಗಿದರೆ ಅಳಿಸಲೂ ಬೇಡಿ. ಕನಸಿಗೆ ಆ ಕಂಪನ ಒಪ್ಪುತ್ತದೆ. ದಕ್ಷಿಣ ಆಫ್ರಿಕದ ವಿಲಿಯಂ ಕೆಂಟ್ರಿಜ್ ಎಂಬ ಕಲಾವಿದರು ಒಂದೇ ಹಾಳೆಯ ಮೇಲೆ ಇದ್ದಿಲಿನಿಂದ ಬರೆದು, ಅಳಿಸಿ, ಮತ್ತೆ ಬರೆದು, ಒಂದೊಂದು ಬದಲಾವಣೆಯನ್ನೂ ಕ್ಯಾಮರಾದಲ್ಲಿ ತೆಗೆಯುತ್ತಾರೆ. ಅಳಿಸಿದುದರ ಮಸಿ ಹಾಳೆಯಲ್ಲಿ ಉಳಿದೇ ಉಳಿಯುತ್ತದೆ. ಅಕ್ಷರಗಳು ಹಾಳೆ ಬಿಟ್ಟು ಹೋಗುವ ಭಾಗವನ್ನು ನಾನು ಈ ಕ್ರಮದಲ್ಲಿಯೇ ಮಾಡಿದೆ. ಹೋದ ಅಕ್ಷರದ ಜಾಡು ಉಳಿಯುವುದು ಆ ಕನಸಿಗೆ ಬೇಕಾಗಿದ್ದಿತು.

ಇಷ್ಟೆಲ್ಲ ಏಕೆ, ಮೊಬೈಲೇ ಒಂದು ಗುಂಡಿಯೊತ್ತಿದರೆ ಮುಖವನ್ನು ರೇಖಾಚಿತ್ರ ಮಾಡಿಕೊಡುವುದಿಲ್ಲವೆ ಎಂದು ನೀವು ಕೇಳಬಹುದು. ಮಾಡಿಕೊಡುತ್ತದೆ, ಅಂದವಾಗಿಯೂ ಮಾಡುತ್ತದೆ. ಆದರೆ ಯಾವ ಗೆರೆಯನ್ನು ಬಿಡಬೇಕೆಂಬುದು ಅದಕ್ಕೆ ತಿಳಿಯದು.

ಧ್ವನಿಗೆ ಸಂಗೀತ ಬೇಡವೆನಿಸಿತು. ಅದೇ ರಾತ್ರಿ ಮುದ್ರಿಸಿಕೊಂಡ ನನ್ನ ಉಸಿರಾಟವನ್ನೇ ಹಾಕಿದೆ.

ಕೆಲಸ ಮುಗಿಯಲು ಎರಡು ತಿಂಗಳು ಹಿಡಿಯಿತು. ಅಕ್ಕ ಊರಿಂದ ಬಂದಿದ್ದಾಗ ತೋರಿಸಿದೆ. ಇರುವೆಗಳನ್ನು ನೋಡಿ ನಗುತ್ತಾಳೆಂದು ನಾನು ಕಾಯುತ್ತಿದ್ದರೆ, ಅವಳು ಮೊದಲ ಭಾಗದಲ್ಲಿಯೇ, “ನಿಲ್ಲಿಸೋ, ಇನ್ನೊಂದು ಸಲ ಹಾಕು” ಎಂದಳು. ಹಾಕಿದೆ. “ಅಪ್ಪ ಮಧ್ಯಾಹ್ನ ಜಗಲಿ ಮೇಲೆ ಮಲಗ್ತಿದ್ದದ್ದು ಹೀಗೇ ಕಣೋ. ಬಾಯಿ ಒಂಚೂರು ಬಲಕ್ಕೆ ವಾಲಿಸಿಕೊಂಡು” ಎಂದಳು. ಅಪ್ಪ ತೀರಿಕೊಂಡಾಗ ನನಗೆ ಆರು ವರ್ಷ. ಅವರು ಮಲಗಿದ್ದ ಬಗೆ ನನಗೆ ನೆನಪಿಲ್ಲ. ಮನೆಯಲ್ಲಿರುವ ಒಂದೇ ಛಾಯಾಚಿತ್ರದಲ್ಲಿ ಅವರು ಕೋಟು ಪೇಟ ಧರಿಸಿ ನೆಟ್ಟಗೆ ಕುಳಿತಿದ್ದಾರೆ.

ಮಾರನೆಯ ದಿನ ಮೇಜಿನ ಮುಂದೆ ಕುಳಿತು ಆ ಭಾಗವನ್ನು ಹುಡುಕಿದೆ. ಬೆರಕೆಯ ಭಾಗ ಆರಂಭವಾಗುವಲ್ಲಿ, ಬಾಯಿ ಬಲಕ್ಕೆ ವಾಲಿರುವ ೧೮ ಚಿತ್ರಗಳ ಮೇಲೆ ಆಗಲೇ ಗೆರೆ ಎಳೆದಿದ್ದೆ. ಆ ೧೮ ಬಟರ್ ಪೇಪರುಗಳನ್ನು ಗೂಟದಿಂದ ತೆಗೆದು ಪಕ್ಕಕ್ಕಿಟ್ಟೆ. ಈಗ ಅಲ್ಲಿ ಒಂದೂವರೆ ಸೆಕೆಂಡು ಬರಿಯ ಛಾಯಾಚಿತ್ರವಿದೆ. ಇರುವೆ ಅಷ್ಟು ತಡವಾಗಿ ಹೊರಡುತ್ತದೆ.